ಮೂರು ವರ್ಷಗಳ ಆರೋಗ್ಯ ಅನುದಾನ: ಪಡೆದವರ ಕಡೆಯಿಂದ ಒಂದು ವಿಮರ್ಶೆ

ಆರೋಗ್ಯ ಕ್ಷೇತ್ರಕ್ಕೆ ಹಣ ನೀಡುವ ದಾನಿಸಂಸ್ಥೆಯೊಂದರ ಮೂರು ವರ್ಷಗಳ ಅನುದಾನದ ಅವಧಿಯನ್ನು ನಮ್ಮ ಸಣ್ಣ ಸಮುದಾಯ ಸಂಸ್ಥೆ ಈಚೆಗೆ ಪೂರೈಸಿತು. ಕ್ಷಯರೋಗಿಗಳ ಮನೆಗಳಿಗೆ ಹೋಗಿ, ಅವರು ಮಾತ್ರೆ ನಡುವೆ ನಿಲ್ಲಿಸದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಅರ್ಜಿ ಹಾಕಲು ಹೊರಟವರು ಸಾಮಾನ್ಯವಾಗಿ ಎಷ್ಟು ಹಣ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ಕೆಟ್ಟ ಸುದ್ದಿ ಹೇಳಿದಾಗ ದಾನಿಸಂಸ್ಥೆಯವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅದಕ್ಕೂ ಮೊದಲು ವಿಚಾರಿಸಬೇಕು ಎಂಬುದು ನನ್ನ ಅನುಭವ.

ಅವಧಿಯ ವಿಷಯದಲ್ಲಿ ಈ ಸಂಸ್ಥೆಗೆ ಪೂರ್ಣ ಅಂಕ ಕೊಡುತ್ತೇನೆ. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ರೂಢಿಯಲ್ಲಿರುವ ಚಿಕಿತ್ಸೆ 6 ತಿಂಗಳದು: ಮೊದಲ 2 ತಿಂಗಳು ನಾಲ್ಕು ಔಷಧಗಳು, ಉಳಿದ 4 ತಿಂಗಳು ಅವುಗಳಲ್ಲಿ ಕೆಲವು. ಕೆಲವು ವಾರಗಳಲ್ಲೇ ಕೆಮ್ಮು ತಗ್ಗಿ ಹಸಿವು ಮರಳುವುದರಿಂದ, ಗುಣವಾಯಿತೆಂದು ನಂಬಿ ಮಾತ್ರೆ ಬಿಡುವ ಅಪಾಯವೂ ಆಗಲೇ ಶುರುವಾಗುತ್ತದೆ. ಇದಕ್ಕೆ ಮುಂಚೆ ಬೇರೆಡೆಯಿಂದ ನಮಗೆ ಒಂದು ವರ್ಷದ ಅನುದಾನ ಸಿಕ್ಕಿತ್ತು. ಸಿಬ್ಬಂದಿಯ ನೇಮಕ ಮತ್ತು ತರಬೇತಿಗೇ ನಾಲ್ಕು ತಿಂಗಳು ಕಳೆದವು. ಆರನೆಯ ತಿಂಗಳ ನಂತರ ಚಿಕಿತ್ಸೆಗೆ ಸೇರಿದವರನ್ನು ನಾವು ನಡುದಾರಿಯಲ್ಲೇ ಬಿಡಬೇಕಾಯಿತು. ಆ ಮನೆಗಳ ಮುಂದೆ ಹಾದುಹೋಗುವುದು ಇಂದಿಗೂ ನನಗೆ ಕಷ್ಟ.

ಈ ಅನುದಾನದ ಎರಡನೆಯ ವರ್ಷದಲ್ಲಿ ನಮ್ಮ ಕಾರ್ಯಕರ್ತೆಯೊಬ್ಬರು ಕೆಲಸ ಬಿಟ್ಟರು. ಆರು ವಾರ ಒಂದು ಭಾಗದಲ್ಲಿ ಮನೆಭೇಟಿ ನಡೆಯಲಿಲ್ಲ. ಏಳು ಮಂದಿ ಮಾತ್ರೆ ನಿಲ್ಲಿಸಿದರು. ಇದನ್ನು ವರದಿಯಲ್ಲಿ ಬರೆಯಬೇಕೇ ಬೇಡವೇ ಎಂದು ನಮ್ಮೊಳಗೇ ಬಹಳ ಚರ್ಚೆಯಾಗಿ, ಕೊನೆಗೆ ಇದ್ದದ್ದನ್ನು ಇದ್ದಂತೆಯೇ ಬರೆದೆವು. ಮರುವಾರ ದಾನಿಸಂಸ್ಥೆಯ ಕಾರ್ಯಕ್ರಮ ಅಧಿಕಾರಿ ಬಂದರು. ನಾವು ಸಿದ್ಧಪಡಿಸಿದ್ದ ಸಾರಾಂಶವನ್ನು ಪಕ್ಕಕ್ಕಿಟ್ಟು ಭೇಟಿಯ ರಿಜಿಸ್ಟರನ್ನೇ ಕೇಳಿ ಪಡೆದು, ಖಾಲಿ ಬಿದ್ದ ಚೌಕಗಳ ಮೇಲೆ ಬೆರಳಾಡಿಸುತ್ತ ಒಂದು ಹೆಸರಿನ ಬಳಿ ನಿಂತು, “ಈ ಮನೆಗೆ ಆಮೇಲೆ ಯಾರಾದರೂ ಹೋದಿರಾ?” ಎಂದು ಕೇಳಿದರು. ಅವರ ಮೊದಲ ಪ್ರಶ್ನೆ ಅದು. ಮುಂದಿನ ಕಂತು ಹೇಳಿದ ದಿನಕ್ಕೇ ಬಂದಿತು. ಪ್ರಯಾಣಕ್ಕೆಂದು ಮೀಸಲಿದ್ದ ಹಣದಲ್ಲಿ ಒಂದಿಷ್ಟನ್ನು ಬದಲಿ ಕಾರ್ಯಕರ್ತೆಯ ಸಂಬಳಕ್ಕೆ ಬಳಸಲು ಒಪ್ಪಿಗೆಯೂ ದೊರೆಯಿತು. ಅಂದಿನಿಂದ ನಮ್ಮ ವರದಿಗಳಲ್ಲಿ ಮುಚ್ಚುಮರೆ ಇಲ್ಲ.

ವರದಿ ಆರು ತಿಂಗಳಿಗೊಮ್ಮೆ, ನಮೂನೆ ಚಿಕ್ಕದು. ದೂರು ಹೇಳುವಂಥದ್ದೇನೂ ಇಲ್ಲ.

ಆಡಳಿತ ವೆಚ್ಚದ ವಿಷಯದಲ್ಲಿ ಮಾತ್ರ ಸಂಸ್ಥೆಯ ಕೈ ಬಹಳ ಬಿಗಿ. ಶೇಕಡಾ 10ರ ಮಿತಿಯೊಳಗೆ ಬಾಡಿಗೆ, ಲೆಕ್ಕಪತ್ರ, ಲೆಕ್ಕಪರಿಶೋಧನೆ ಎಲ್ಲವೂ ಮುಗಿಯಬೇಕೆಂದರೆ, ಲೆಕ್ಕ ಬರೆಯುವವರಿಗೆ ಅರ್ಧ ಸಂಬಳ ಕೊಟ್ಟು ಪೂರ್ತಿ ಕೆಲಸ ಕೇಳಿದಂತಾಗುತ್ತದೆ. ಫೋರ್ಡ್ ಫೌಂಡೇಶನ್ 2016ರಲ್ಲಿ ಆರಂಭಿಸಿದ ‘ಬಿಲ್ಡ್’ ಕಾರ್ಯಕ್ರಮ ಐದು ವರ್ಷಗಳ ಅವಧಿಗೆ, ಸಂಸ್ಥೆಯ ಒಳಗಿನ ಬಲವರ್ಧನೆಗೂ ಬಳಸಬಹುದಾದ ಹಣ ನೀಡಿತು. ಹಾಗೆ ಮಾಡಲು ಸಾಧ್ಯವಿದೆ ಎಂಬುದಕ್ಕೆ ಅದು ಸಾಕ್ಷಿ. ನಮ್ಮ ದಾನಿಸಂಸ್ಥೆಯ ಸಲಹಾ ಸಮಿತಿಯಲ್ಲಿ ಸಮುದಾಯದವರಿಗೆ ಒಂದು ಕುರ್ಚಿ ಇದೆ, ಮತವಿಲ್ಲ. ಏಡ್ಸ್, ಕ್ಷಯ, ಮಲೇರಿಯಾಗಳ ವಿರುದ್ಧ 2002ರಲ್ಲಿ ಸ್ಥಾಪನೆಯಾದ ಗ್ಲೋಬಲ್ ಫಂಡ್‌ನ ಆಡಳಿತ ಮಂಡಳಿಯಲ್ಲಿ ಈ ರೋಗಗಳೊಂದಿಗೆ ಬದುಕುವ ಸಮುದಾಯಗಳ ಪ್ರತಿನಿಧಿಗೆ ಮತದ ಹಕ್ಕಿರುವಾಗ, ಇಲ್ಲೇಕೆ ಇರಬಾರದು?

ಇನ್ನೊಂದು ಗಂಭೀರ ಕೊರತೆ, ಅನುದಾನ ಮುಂದುವರಿಯುತ್ತದೆಯೇ ಇಲ್ಲವೇ ಎಂಬುದು ಕೊನೆಯ ಮೂರು ತಿಂಗಳಿನವರೆಗೂ ತಿಳಿಯಲಿಲ್ಲ. ಆರು ತಿಂಗಳ ಚಿಕಿತ್ಸೆಗೆ ಹೊಸಬರನ್ನು ಸೇರಿಸಿಕೊಳ್ಳುವಾಗ ಯಾವ ಭರವಸೆ ಕೊಡಬೇಕೆಂದು ತೋಚದೆ ನಮ್ಮ ಕಾರ್ಯಕರ್ತೆಯರು ಸಂಕಟಪಟ್ಟರು.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಅಂಕ. ರೋಗಿಗಳೊಂದಿಗೆ ದೀರ್ಘಕಾಲ ನಡೆಯಬೇಕಾದ ಸಣ್ಣ ಸಂಸ್ಥೆಗಳು ಧೈರ್ಯವಾಗಿ ಅರ್ಜಿ ಹಾಕಬಹುದು. ನಾವೂ ಮತ್ತೆ ಹಾಕಿದ್ದೇವೆ; ಅನುದಾನ ನಿಲ್ಲಿಸುವುದಾದರೆ ಒಂದು ವರ್ಷ ಮೊದಲೇ ತಿಳಿಸಬೇಕೆಂದು ಕೋರಿ, ಕಾರ್ಯಕರ್ತೆಯರೆಲ್ಲರೂ ಸಹಿ ಮಾಡಿದ ಪತ್ರವನ್ನು ಈ ಬಾರಿ ಅರ್ಜಿಯೊಂದಿಗೆ ಲಗತ್ತಿಸಿದ್ದೇವೆ.