ಕಾರ್ಟ್ರಿಜ್, ರೀಫಿಲ್, ಇಂಕ್ ಟ್ಯಾಂಕ್: ಪುಟಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ?

ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುವ ನನಗೆ ವರ್ಕ್‌ಶೀಟು, ಪ್ರಶ್ನೆಪತ್ರಿಕೆ ಅಂತ ಪ್ರಿಂಟಿನ ಕೆಲಸ ಇದ್ದೇ ಇರುತ್ತದೆ. ಮೂರೂ ಬಗೆ ಬಳಸಿ ನೋಡಿದ ಮೇಲೆ ಗೊತ್ತಾಗಿದ್ದು, ಖರ್ಚು ತೀರ್ಮಾನವಾಗುವುದು ಇಂಕಿನ ಬೆಲೆಯಿಂದಲ್ಲ, ಎಷ್ಟು ದಿನಕ್ಕೊಮ್ಮೆ ಪ್ರಿಂಟ್ ತೆಗೆಯುತ್ತೀರಿ ಅನ್ನುವುದರಿಂದ.

ಕಾರ್ಟ್ರಿಜ್ ಪ್ರಿಂಟರ್ ಅಗ್ಗಕ್ಕೆ ಸಿಗುತ್ತದೆ, ವಸೂಲಿ ಆಮೇಲೆ. ಸಣ್ಣ ಕಪ್ಪು ಕಾರ್ಟ್ರಿಜ್‌ಗೆ ಕಂಪನಿಯೇ ಹೇಳುವುದು ಸುಮಾರು 120 ಪುಟ. ಇಂಥ ಲೆಕ್ಕ ಬರುವುದು ಐಎಸ್‌ಒ 24711 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಿಂದ, ಅಂದರೆ ಹೆಚ್ಚುಕಡಿಮೆ ಬಿಡದೆ ಪ್ರಿಂಟ್ ಹೊಡೆದು. ಹದಿನೈದು ದಿನ ಸುಮ್ಮನಿದ್ದು ಆನ್ ಆದಾಗ ಹೆಡ್ (ಹಾಳೆಗೆ ಇಂಕು ಚಿಮ್ಮಿಸುವ ಭಾಗ) ಕ್ಲೀನಿಂಗ್ ಕುಡಿಯುವ ಇಂಕು ಅದರಲ್ಲಿ ಸೇರಿಲ್ಲ. ಒಂದು ಅನುಕೂಲ ಒಪ್ಪಬೇಕು: ಇಂಥ ಹಲವು ಪ್ರಿಂಟರ್‌ಗಳಲ್ಲಿ ಹೆಡ್ ಕಾರ್ಟ್ರಿಜ್‌ನಲ್ಲೇ ಇರುವುದರಿಂದ, ಹೊಸದು ಹಾಕಿದರೆ ಹೊಸ ಹೆಡ್ಡೂ ಬಂದಂತೆ.

ಅದನ್ನೇ ಸಿರಿಂಜಿನಲ್ಲಿ ರೀಫಿಲ್ ಮಾಡಿದರೆ ಖರ್ಚು ಪೈಸೆಗೆ ಇಳಿಯುತ್ತದೆ. ಮೇಲಿನ ಸ್ಟಿಕರ್ ಎಬ್ಬಿಸಿ, ತೂತಿನಲ್ಲಿ ಸೂಜಿ ಇಳಿಸಿ, ಒಳಗಿನ ಸ್ಪಂಜು ಹೀರಿಕೊಳ್ಳುವಷ್ಟೇ ನಿಧಾನಕ್ಕೆ ತುಂಬಬೇಕು. ಆಮೇಲೆ ಕೆಳಗಿನ ನಾಝಲ್ (ಇಂಕು ಹೊರಬರುವ ಸಣ್ಣ ತೂತು) ಪಟ್ಟಿಯನ್ನು ಟಿಶ್ಯೂ ಮೇಲೆ ಒತ್ತಿ. ಕಲರ್ ಕಾರ್ಟ್ರಿಜ್ ಆದರೆ ಮೂರು ಬಣ್ಣದ ಗೆರೆ ಬೇರೆಬೇರೆಯಾಗಿ ಮೂಡಬೇಕು. ಕಲಸಿಕೊಂಡಿದ್ದರೆ ಜಾಸ್ತಿ ತುಂಬಿದೆ ಅಂತ ಅರ್ಥ. ಪ್ರಿಂಟರ್ ಮಾತ್ರ ‘ಇಂಕ್ ಖಾಲಿ’ ಅನ್ನುತ್ತಲೇ ಇರಬಹುದು. ಕೆಲವು ರೀಫಿಲ್ ಆಗುವಷ್ಟರಲ್ಲಿ ಹೆಡ್ಡೇ ಸವೆಯುತ್ತದೆ. ಕೈಯಂತೂ ಎರಡು ದಿನ ನೀಲಿ!

ಬಾಟಲಿಯಿಂದ ಇಂಕು ಸುರಿದು ತುಂಬುವ ಟ್ಯಾಂಕ್ ಪ್ರಿಂಟರ್‌ಗೆ ಮೊದಲೇ ದೊಡ್ಡ ಮೊತ್ತ ಹಾಕಬೇಕು. ಆದರೆ ಎಪ್ಸನ್ ಕಂಪನಿಯ 003 ಇಂಕ್ ಬಾಟಲಿ ನೋಡಿ: 65 ಮಿಲಿ ಕಪ್ಪಿಗೆ 4,500 ಪುಟ, ಮೂರು ಬಣ್ಣ ಸೇರಿ 7,500 ಪುಟ ಅನ್ನುತ್ತದೆ ಕಂಪನಿ. ಅದರಲ್ಲಿ ಅರ್ಧವೇ ಬಂದರೂ ಕಪ್ಪು ಅಕ್ಷರದ ಪುಟಕ್ಕೆ ಇಂಕಿಗಿಂತ ಹಾಳೆಯೇ ದುಬಾರಿ. ಉಳಿಸಬೇಕೆಂದರೆ ಎರಡೂ ಬದಿ ಪ್ರಿಂಟ್ ತೆಗೆಯಿರಿ.

ಟ್ಯಾಂಕಿನ ಶತ್ರು ರಜೆ. ಬೇಸಿಗೆ ರಜೆಯಲ್ಲಿ ಮುಚ್ಚಿಟ್ಟರೆ ನಾಝಲ್ ಒಣಗುತ್ತದೆ; ಜಾಸ್ತಿ ಇಂಕು ಹರಿಸಿ ತೊಳೆಯುವ ಪವರ್ ಕ್ಲೀನಿಂಗ್ ಒಂದಕ್ಕೇ ಟ್ಯಾಂಕಿನ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಆ ಇಂಕೆಲ್ಲ ಹೋಗಿ ಸೇರುವುದು ಒಳಗಿನ ಹೀರುವ ಪ್ಯಾಡ್‌ಗೆ, ಅಂದರೆ ವೇಸ್ಟ್ ಪ್ಯಾಡ್‌ಗೆ. ಅದು ತುಂಬಿತು ಅಂತ ಲೆಕ್ಕ ತೋರಿಸಿದ ದಿನ ಯಂತ್ರವೇ ನಿಲ್ಲುತ್ತದೆ. ಅದಕ್ಕೇ ವಾರಕ್ಕೊಮ್ಮೆ ನಾಝಲ್ ಚೆಕ್ (ಎಲ್ಲ ಬಣ್ಣದ ಗೆರೆಗಳ ಪರೀಕ್ಷಾ ಪುಟ) ತೆಗೆಯುತ್ತೇನೆ. ಹಳದಿ ಗೆರೆ ತುಂಡಾಗಿದ್ದರೆ ಥಟ್ಟನೆ ಕಾಣುವುದಿಲ್ಲ, ಹಾಳೆಯನ್ನು ಕಿಟಕಿಗೆ ಹಿಡಿದೇ ನೋಡಬೇಕು. ಆಫ್ ಮಾಡುವುದು ಪ್ರಿಂಟರ್‌ನ ಬಟನ್‌ನಿಂದಲೇ. ಗೋಡೆಯ ಸ್ವಿಚ್ ಒತ್ತಿದರೆ ಕೆಲವೊಮ್ಮೆ ಹೆಡ್ ಮುಚ್ಚಳದೊಳಗೆ ಹೋಗಿ ಕೂರುವುದಿಲ್ಲ.

ವಾರವಾರ ಪ್ರಿಂಟ್ ಇದ್ದರೆ ಟ್ಯಾಂಕ್ ಕಣ್ಣುಮುಚ್ಚಿ ತಗೊಳ್ಳಿ. ತಿಂಗಳಿಗೆ ಹತ್ತಿಪ್ಪತ್ತು ಪುಟ ಅಂದರೆ ಪ್ರಿಂಟರೇ ಬೇಡ, ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿ. ರೀಫಿಲ್ಲು, ಹಳೇ ಕಾರ್ಟ್ರಿಜ್ ಪ್ರಿಂಟರ್ ಈಗಾಗಲೇ ಮನೆಯಲ್ಲಿದ್ದವರಿಗೆ ಮಾತ್ರ. ಪ್ರಶ್ನೆಪತ್ರಿಕೆಗೆ ನಾನೂ ಮನೆಯಲ್ಲಿ ತೆಗೆಯುವುದು ಒಂದೇ ಪ್ರತಿ. ಉಳಿದದ್ದು ಜೆರಾಕ್ಸ್, ಅದರಲ್ಲಿರುವುದು ಟೋನರ್ ಎಂಬ ಒಣ ಪುಡಿ ಆದ್ದರಿಂದ ಮಕ್ಕಳ ಒದ್ದೆ ಕೈಗೆ ಅಕ್ಷರ ಹರಡುವುದಿಲ್ಲ.