ತಂಬೂರಿಯ ಗೀರಿಗೆ ಬೋಹ್ರಿ ಆಳಿಯ ಚಪಡಾ

ತಂಬೂರಿ ಮೇಲೆ ಸಣ್ಣ ಗೀರು ಬಿದ್ದರೆ ಪೂರ್ತಿ ಪಾಲಿಶ್ ಮಾಡಿಸಬೇಕಿಲ್ಲ. ನೂರು ಗ್ರಾಂ ಚಪಡಾ, ಅಂದರೆ ಪಾಲಿಶ್‌ಗೆ ಬಳಸುವ ಅರಗಿನ ಚಕ್ಕೆ, ಒಂದು ಬಾಟಲಿ ಸ್ಪಿರಿಟ್, ಹಳೆಯ ಮಲ್ ಬಟ್ಟೆ ಇದ್ದರೆ ಸಾಕು. ಪುಣೆಯ ರವಿವಾರ ಪೇಠೆಯ ಬೋಹ್ರಿ ಆಳಿ ಎಂಬ ಅಂಗಡಿ ಬೀದಿಯಲ್ಲಿ ನನಗೆ ಚಪಡಾ ಬಿಡಿಯಾಗಿ, ತೂಕದ ಮೇಲೆ ಸಿಕ್ಕಿತು. ಜೇನಿನ ಬಣ್ಣದ ಅರಗಿನ ತೆಳು ಚಕ್ಕೆಗಳು. ಕೈಯಲ್ಲಿ ಹಿಡಿದರೆ ಪಟಪಟ ಮುರಿಯುತ್ತವೆ.

ನಮ್ಮದು ಮಿರಜಿನ ತಂಬೂರಿ. ಧಾರವಾಡದಲ್ಲಿ ನಮ್ಮ ಸೋದರತ್ತೆ ಹಾಡುತ್ತಿದ್ದ ಕಾಲದ್ದು, ಈಗ ಪುಣೆಯ ಕೊಥ್ರುಡ್‌ನಲ್ಲಿ ನನ್ನ ಹತ್ತಿರ ಇದೆ. ದಂಡಿಯ (ಉದ್ದನೆಯ ಹಿಡಿಯ) ಬದಿಗೆ ಬಳೆ ಉಜ್ಜಿದ ಗೆರೆಗಳು, ತಬಲಿ (ಬುರುಡೆಯ ಬಾಯಿ ಮುಚ್ಚುವ ಹಲಗೆ) ಮೇಲೆ ಗವಸಿನ ಜಿಪ್ ಎಳೆದ ಗೀರು, ಕೆಳಗಿನ ಸೋರೆ ಬುರುಡೆಗೆ ಮಳೆಗಾಲದ ತೇವ ತಂದ ಬಿಳಿ ಮಬ್ಬು. ರಿಪೇರಿಯವರೊಬ್ಬರು ಎಲ್ಲ ಕೆರೆದು ಮೆಲಮೈನ್ ಎಂಬ ಗಟ್ಟಿ ಕೃತಕ ಪಾಲಿಶ್ ಹೊಡೆಯೋಣ ಅಂದರು. ನಾನು ಒಪ್ಪಲಿಲ್ಲ. ತಬಲಿ ತೆಳು ಹಲಗೆ, ಅದು ಅದುರಿದರೇ ನಾದ. ಅದರ ಮೇಲೆ ದಪ್ಪ ಲೇಪ ಯಾಕೆ ಬೇಕು?

ಚಪಡಾದ ದೊಡ್ಡ ಗುಣ ಅಂದರೆ, ಹೊಸ ಲೇಪದ ಸ್ಪಿರಿಟ್ ಹಳೆಯ ಅರಗನ್ನು ಕರಗಿಸುತ್ತದೆ, ಲೇಪ ಅದರೊಳಗೇ ಬೆರೆತುಹೋಗುತ್ತದೆ. ತೇಪೆಯ ಅಂಚು ಕಾಣುವುದಿಲ್ಲ. ಆದರೆ ಹಳೆಯ ಪಾಲಿಶ್ ಅರಗಿನದೇ ಆಗಿರಬೇಕು. ಕಣ್ಣಿಗೆ ಬೀಳದ ಮೂಲೆಗೆ ಒಂದು ಹನಿ ಸ್ಪಿರಿಟ್ ಮುಟ್ಟಿಸಿ ನೋಡಿ. ಅಂಟಂಟಾದರೆ ಅರಗು. ಮಿರಜಿನಲ್ಲೇ ನೆಲೆಸಿದ್ದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರ ಕಾಲದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಲ್ಲೂ ಇದೇ ಅರಗು ಇತ್ತು. ಅವರ ದನಿಯನ್ನು ನಮಗೆ ಉಳಿಸಿಕೊಟ್ಟ ವಸ್ತು ಇದು ಅನ್ನುವುದೇ ನನಗೆ ಬಹಳ ಖುಷಿ.

ನೂರು ಮಿಲಿ ಸ್ಪಿರಿಟ್‌ಗೆ ಹನ್ನೆರಡು ಗ್ರಾಂ ಚಪಡಾ ಹಾಕಿದರೆ ತೆಳುವಾಗಿ ಬರುತ್ತದೆ. ರಾತ್ರಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ. ಬಿಡಿ ಚಪಡಾದಲ್ಲಿ ಕಸ, ಕಡ್ಡಿ ಜಾಸ್ತಿ. ಇದೊಂದೇ ನನ್ನ ದೂರು. ಹತ್ತಿಯ ಉಂಡೆಗೆ ಮಲ್ ಬಟ್ಟೆ ಸುತ್ತಿ, ಅದ್ದಿ ಹಿಂಡಿ, ಗೀರಿನ ಉದ್ದಕ್ಕೆ ಒಂದೇ ಸಲ ಎಳೆಯಬೇಕು. ಆರುವ ಮೊದಲು ಅಲ್ಲೇ ತಿಕ್ಕಿದರೆ ಬಟ್ಟೆ ಹಿಡಿದುಕೊಳ್ಳುತ್ತದೆ. ಬಿಳಿ ಮಬ್ಬಿಗೆ ಚಪಡಾ ಕೂಡ ಬೇಡ. ಸ್ಪಿರಿಟ್ ಪಸೆಯಷ್ಟೇ ಇರುವ ಬಟ್ಟೆ ಹಗುರವಾಗಿ ಸವರಿದರೆ ಸಾಕು. ನನ್ನ ಬುರುಡೆಯ ಮಬ್ಬು ಕಣ್ಣೆದುರೇ ಕರಗಿ, ಕೆಳಗಿನ ಕೆಂಪು ಹೊಳಪು ಮೇಲೆ ಬಂತು. ಪುಣೆಯ ಜುಲೈನಲ್ಲಿ ಮಾತ್ರ ಈ ಕೆಲಸ ಬೇಡ, ತೇವಕ್ಕೆ ಹೊಸ ಲೇಪವೂ ಬೆಳ್ಳಗಾಗುತ್ತದೆ. ಕಿಟಕಿ ತೆರೆದಿಡಿ, ದೇವರ ದೀಪದಿಂದ ದೂರ ಕೂತುಕೊಳ್ಳಿ.

ಬಳೆಯ ಗೆರೆಗಳು ಪೂರ್ತಿ ಹೋಗಿಲ್ಲ, ಒರಟುತನ ಹೋಗಿದೆ. ನನಗೆ ಅಷ್ಟೇ ಬೇಕಿತ್ತು. ಅತ್ತೆಯ ಕೈ ಗುರುತು ಅದು.

ಬುರುಡೆ ಬಿರುಕು ಬಿಟ್ಟಿದ್ದರೆ ಇದು ಪರಿಹಾರವಲ್ಲ. ಅದನ್ನು ತಂಬೂರಿ ಮಾಡುವವರ ಊರಾದ ಮಿರಜಿಗೇ ಒಯ್ಯಿರಿ. ತಂತಿಗಳನ್ನು ಹೊತ್ತ ಕುದುರೆಯ ಮೇಲೆ ಒಂದು ಹನಿಯೂ ಬೀಳಬಾರದು, ಜವಾರಿ, ಅಂದರೆ ತಂಬೂರಿಯ ಝೇಂಕಾರ, ಕೆಡುತ್ತದೆ. ಕಲಸಿಟ್ಟ ಚಪಡಾ ತಿಂಗಳುಗಟ್ಟಲೆ ಹಳತಾದರೆ ಸರಿಯಾಗಿ ಒಣಗುವುದಿಲ್ಲ. ಅದಕ್ಕೇ ತಯಾರು ಬಾಟಲಿ ಬೇಡ, ಚಕ್ಕೆಯನ್ನೇ ಕೊಳ್ಳಿ, ಬೇಕಾದಷ್ಟೇ ನೆನೆಸಿ.