ಹಳೇ ಓಮ್ನಿಲಿ ಆರು ಗುರುತಿಲ್ಲದ ಸಾಮಾನು: ಫೋನು, ಕೌಂಟರು, ಗುಜರಿ, ಮೀಟರು, ಅಜ್ಜ – ಯಾರು ಸರಿ ಹೇಳಿದ್ರು?

ನಮ್ ಭಾವನ 1998ರ ಓಮ್ನಿ ಈಗ ನನ್ ಹತ್ರ ಇದೆ, ಕಾರ್ಬೊರೇಟರ್ ಗಾಡಿ, ಅಂದ್ರೆ ಕಂಪ್ಯೂಟರ್ ಇಲ್ದೆ ಗಾಳಿ-ಪೆಟ್ರೋಲ್ ಬೆರೆಸೋ ಹಳೇ ತರದ್ದು. ಮುಂದಿನ ಸೀಟು ಎತ್ತಿ ನೋಡಿದ ದಿನ ನಂಗೆ ಎಂಜಿನ್ನೇ ಕಾಣ್ಲಿಲ್ಲ, ಬರೀ ವೈರು, ಟೇಪು, ಯಾವ್ದಕ್ಕೂ ಸೇರದ ಪೈಪು. ಒಂದು ಕಾಲದಲ್ಲಿ ಇದಕ್ಕೆ ಹೊರಗಡೆ ಗ್ಯಾಸ್ ಕಿಟ್ ಹಾಕ್ಸಿದ್ರು, ಆಮೇಲೆ ಆರ್‌ಸಿಯಿಂದಲೂ ತೆಗ್ಸಿ ಕಿಟ್ ಬಿಚ್ಚಿಸಿದ್ರು, ಆದ್ರೆ ಬಿಚ್ಚಿದೋನು ಮಾರಿದ್ರೆ ದುಡ್ಡು ಬರೋದನ್ನೆಲ್ಲ ತಗೊಂಡು ಬಾರದೇ ಇರೋದನ್ನೆಲ್ಲ ಗಾಡಿಲೇ ಬಿಟ್ಟಿದ್ದ. ಅದ್ರ ಮೇಲೆ ರಿವರ್ಸ್ ಹಾರ್ನು, ಎರಡು ಸಲ ಬದಲಾದ ಸ್ಟೀರಿಯೋ. ಒಂದನ್ನ ಹಿಡ್ಕೊಂಡು "ಭಾವ, ಇದೇನು?" ಅಂದ್ರೆ "ಅದು ಮುಂಚೆಯಿಂದ ಹಂಗೇ ಇದೆ ಕಣೋ, ಮುಟ್ಬೇಡ" ಅಂದ್ರು. ಅಷ್ಟೇ ದಾಖಲೆ.

ಆರು ಸಾಮಾನು ಆರಿಸ್ಕೊಂಡು ಐದು ದಾರಿಲಿ ವಿಚಾರಿಸಿದೆ. ಡ್ಯಾಶ್‌ಬೋರ್ಡ್ ಕೆಳಗೆ ಎಡಗಡೆ ಖಾಲಿ ನೇತಾಡೋ ಬಿಳಿ ಆರು ಪಿನ್ ಕಪ್ಲರ್ (ವೈರು ಜೋಡಿಸೋ ಪ್ಲಗ್ಗು). ಪೆಟ್ರೋಲ್ ಪೈಪಿನ ಮಧ್ಯೆ ಹಿತ್ತಾಳೆ ಮೂತಿ ಇರೋ ಭಾರದ ಕಬ್ಬಿಣದ ಡಬ್ಬಿ, ಅದ್ರಿಂದ ಬಂದಿರೋ ಎರಡು ವೈರು ಕತ್ತರಿಸಿ ಬಿಟ್ಟಿದ್ದು. ಸಣ್ಣ ರಬ್ಬರ್ ಪೈಪಿನಲ್ಲಿ ಸೇರ್ಕೊಂಡಿರೋ, ಎರಡು ಬಣ್ಣದ ಬಿಲ್ಲೆ ತರ ಪ್ಲಾಸ್ಟಿಕ್. ಎಂಜಿನ್ ಹತ್ರ ಒಂಟಿ ವೈರು, ಹಳದಿ ಮೇಲೆ ಬಿಳಿ ಗೀಟು, ತುದಿಲಿ ಲಗ್ (ಸಿಗಿಸೋಕೆ ಇರೋ ಲೋಹದ ತುದಿ). ಸ್ಟೀರಿಂಗ್ ಕೆಳಗೆ ಟೇಪ್ ಸುತ್ತಿದ ಕಪ್ಪು ಚೌಕದ ರಿಲೇ (ಕರೆಂಟಿಂದ ಆನ್-ಆಫ್ ಆಗೋ ಸ್ವಿಚ್ಚು). ಆರನೇದು ನೀರಿನ ಹೋಸ್ ಮಧ್ಯೆ ತಾಮ್ರದ ಟೀ (T ಆಕಾರದ ಮೂರು ಬಾಯಿ ಜಾಯಿಂಟು), ಒಂದು ಬಾಯಿಗೆ ಬೋಲ್ಟ್ ತುರುಕಿ ಕ್ಲ್ಯಾಂಪ್ ಬಿಗಿದಿದ್ರು.

ಫೋನಲ್ಲಿ ಫೋಟೋ ಹುಡುಕಾಟ

ಖರ್ಚಿಲ್ಲ ಅಂತ ಎಲ್ರೂ ಮೊದ್ಲು ಇದನ್ನೇ ಮಾಡೋದು, ನಾನೂ ಮಾಡ್ದೆ. ರಿಲೇನ ಸರಿಯಾಗಿ ಹೇಳ್ತು. ಬಿಲ್ಲೆನ ಬೈಕಿನ ಪೆಟ್ರೋಲ್ ಫಿಲ್ಟರ್ ಅಂತು, ಯಾಕಂದ್ರೆ ದುಂಡಗಿದ್ದು ಎರಡೂ ಕಡೆ ಮೂತಿ ಇರೋದೆಲ್ಲ ಅದ್ರ ಕಣ್ಣಿಗೆ ಫಿಲ್ಟರೇ. ತಾಮ್ರದ ಟೀನ ಪ್ಲಂಬಿಂಗ್ ಸಾಮಾನು ಅಂತ ತೋರಿಸ್ತು, ಅದು ತಪ್ಪು ಅಂತ ಹೇಳೋಕೂ ಆಗಲ್ಲ, ಹಾಕಿದೋನು ಹಾರ್ಡ್‌ವೇರ್ ಅಂಗಡಿಯಿಂದಲೇ ತಂದಿರ್ತಾನೆ. ಬಿಳಿ ಕಪ್ಲರ್‌ಗೆ ನೂರಾರು ಬಿಳಿ ಕಪ್ಲರ್ ತೋರಿಸ್ತು, ಎಲ್ಲಾ ಒಂದೇ ತರ, ಒಂದೂ ಅದಲ್ಲ. ಚಾಟ್‌ಬಾಟ್‌ಗೂ ಅದೇ ಫೋಟೋ ಹಾಕಿದ್ದೆ, ಅದು ಆಕ್ಸಿಜನ್ ಸೆನ್ಸರ್ ಕನೆಕ್ಟರ್ ಇರಬಹುದು ಅಂತ ಭಾರಿ ಧೈರ್ಯವಾಗಿ ಹೇಳ್ತು. ಕಾರ್ಬೊರೇಟರ್ ಓಮ್ನಿಗೆ ಆಕ್ಸಿಜನ್ ಸೆನ್ಸರ್ರು! ಅದು ಬರೋದು ಕಂಪ್ಯೂಟರ್ ಇರೋ ಎಂಜಿನ್ನಿಗೆ.

ಒಂದು ಉಪಯೋಗ ಮಾತ್ರ ಆಯ್ತು, ಅದೂ ಸುತ್ತು ದಾರಿಲಿ. ನಮ್ ಓಮ್ನಿ ಬಾಡಿ ಸುಜುಕಿಯ ಹಳೇ ಕ್ಯಾರಿದು, 1984ರಲ್ಲಿ ಬರೀ ಮಾರುತಿ ವ್ಯಾನ್ ಅಂತ ಬಂದು 1988ರಲ್ಲಿ ಓಮ್ನಿ ಆಯ್ತು, 2019ರ ತನಕ ಬಂತು. ಅದೇ ಕ್ಯಾರಿ ಪಾಕಿಸ್ತಾನದಲ್ಲಿ ಬೋಲಾನ್ ಅಂತ ಇತ್ತು, ಎಂಜಿನ್ನೂ ಅದೇ ಮೂರು ಸಿಲಿಂಡರಿನ 796 ಸಿಸಿ, ಅಲ್ಲಿ ಜನ ಕ್ಯಾರಿ ಡಬ್ಬಾ ಅಂತಾರೆ. ಆ ಹೆಸರು ಹಾಕಿ ಹುಡುಕಿದ್ರೆ ಸೀಟು ಎತ್ತಿ ಒಂದೊಂದೇ ಪೈಪು ತೋರಿಸೋ ಮಿಸ್ತ್ರಿಗಳ ವೀಡಿಯೋ ಸಿಗತ್ತೆ, ಉರ್ದು ಅರ್ಧಂಬರ್ಧ ಅರ್ಥ ಆದ್ರೂ ಬೆರಳು ಎಲ್ಲಿ ಹೋಗತ್ತೆ ಅಂತ ನೋಡಿದ್ರೆ ಸಾಕು. ಓಮ್ನಿ ಅಂತ ಹುಡುಕಿದ್ರೆ ಬರೋದೆಲ್ಲ ಮಾಡಿಫೈ ಮಾಡಿ ಡಿಜೆ ಹಾಕಿದ ಗಾಡಿಗಳೇ.

ಜೇಸಿ ರೋಡ್ ಕೌಂಟರ್

ಬೆಂಗಳೂರಲ್ಲಿ ಗಾಡಿ ಬಿಡಿಭಾಗದ ಅಂಗಡಿಗಳಿರೋ ಈ ರೋಡಿಗೆ ತುಮಕೂರಿಂದ ಬಸ್ಸಲ್ಲಿ ಹೋದೆ, ಬಿಚ್ಚೋಕೆ ಆಗಿದ್ದು ಕವರಲ್ಲಿ, ಉಳಿದಿದ್ದು ಫೋಟೋಲಿ. ಕೌಂಟರಿನೋರು ಸಾಮಾನು ನೋಡೋಕೆ ಮುಂಚೆನೇ ಕೇಳಿದ್ದು "ಕಾರ್ಬೊರೇಟರಾ ಎಂಪಿಎಫ್ಐಯಾ ಸಾರ್?". ಎಂಪಿಎಫ್ಐ ಅಂದ್ರೆ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸೋ ಆಮೇಲಿನ ಎಂಜಿನ್ನು. ಹಿತ್ತಾಳೆ ಮೂತಿ ಡಬ್ಬಿ ಕೈಲಿ ಇಟ್ಕೊಂಡ ತಕ್ಷಣ "ಗ್ಯಾಸ್ ಕಿಟ್‌ದು, ಪೆಟ್ರೋಲ್ ವಾಲ್ವು" ಅಂದ್ರು. ಗ್ಯಾಸಲ್ಲಿ ಓಡೋವಾಗ ಪೆಟ್ರೋಲ್ ನಿಲ್ಲಿಸೋ ಸೊಲೆನಾಯ್ಡ್ ಅದು, ಕರೆಂಟ್ ಬಂದ್ರೆ ತೆಗೆಯತ್ತೆ, ಇಲ್ದಿದ್ರೆ ಮುಚ್ಚಿರತ್ತೆ. ಹಂಗಿದ್ರೆ ವೈರ್ ಕತ್ತರಿಸಿದ್ರೂ ನಮ್ ಗಾಡಿ ಹೆಂಗೆ ಓಡ್ತಿತ್ತು ಅಂದ್ರೆ, ಕೆಳಗಡೆ ಕೈಯಲ್ಲಿ ತಿರುಗಿಸೋ ಪುಟ್ಟ ಕೀಲಿ ಇರತ್ತಂತೆ, ಯಾರೋ ಪುಣ್ಯಾತ್ಮ ಅದನ್ನ ಖಾಯಂ ಓಪನ್ ಮಾಡಿ ಬಿಟ್ಟಿದ್ದ. ಅಂದ್ರೆ ಅಷ್ಟು ವರ್ಷ ಏನೂ ಕೆಲಸ ಮಾಡ್ದೆ, ಪೆಟ್ರೋಲ್ ಲೀಕ್ ಆಗೋಕೆ ಎರಡು ಜಾಯಿಂಟ್ ಜಾಸ್ತಿ ಮಾಡ್ಕೊಂಡು ಕೂತಿತ್ತು ಅದು. ತೆಗೆದು ಪೆಟ್ರೋಲಿಗೆ ಅಂತಲೇ ಇರೋ ಹೋಸ್ ಒಂದೇ ತುಂಡು ಹಾಕ್ಸಿದೆ, ಮಾಮೂಲಿ ನೀರಿನ ಪೈಪು ಹಾಕಿದ್ರೆ ಪೆಟ್ರೋಲ್ ಅದನ್ನ ತಿಂದುಬಿಡತ್ತೆ.

ಬಿಲ್ಲೆ ನೋಡಿ ಅವರಂದಿದ್ದು "ವ್ಯಾಕ್ಯೂಮ್ ವಾಲ್ವು". ಸರಿ ಸಾರ್, ಯಾವ ಬಣ್ಣ ಯಾವ ಕಡೆಗೆ ಬರ್ಬೇಕು ಅಂದ್ರೆ ಆಗ್ಲೇ ಮುಂದಿನ ಗಿರಾಕಿ ಕಡೆ ತಿರುಗಿದ್ರು. ಕೌಂಟರಿನೋರ ಹತ್ರ ಹೆಸರು ಸಿಗತ್ತೆ, ಯಾಕಂದ್ರೆ ಅವರು ಹೆಸರಿಂದ ಮಾರೋದು. ವೈರು ಎಲ್ಲಿಂದ ಬಂದು ಎಲ್ಲಿಗೆ ಹೋಗತ್ತೆ ಅನ್ನೋದು ಅವರಿಗೆ ಬೇಕಾಗಿಲ್ಲ, ಬಿಳಿ ಕಪ್ಲರ್ ಫೋಟೋನ ಅರ್ಧ ಸೆಕೆಂಡೂ ನೋಡ್ಲಿಲ್ಲ.

ಆದ್ರೆ ನಂಬರ್ ವಿಷಯ ಅಲ್ಲೇ ಕಲಿತಿದ್ದು. ಮಾರುತಿ ಪಾರ್ಟ್ ನಂಬರಲ್ಲಿ ಮೊದಲ ಐದು ಅಂಕಿ ಅದು ಎಂಥ ಸಾಮಾನು ಅಂತ ಹೇಳತ್ತೆ, ಮುಂದಿನದು ಯಾವ ಗಾಡಿದು ಅಂತ, ಮಧ್ಯೆ ಎಂ ಅಕ್ಷರ ಬಂದ್ರೆ ಮಾರುತಿದು. 16510 ಅಂದ್ರೆ ಆಯಿಲ್ ಫಿಲ್ಟರ್, 13780 ಏರ್ ಫಿಲ್ಟರ್, 37820 ಆಯಿಲ್ ಪ್ರೆಷರ್ ಸ್ವಿಚ್ಚು. ಸಾಮಾನಿನ ಮೇಲೆ ಐದು ಅಂಕಿ ಉಳಿದಿದ್ರೂ ಏನು ಅಂತ ಗೊತ್ತಾಗತ್ತೆ, ಟೂತ್‌ಬ್ರಷ್ಷಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಉಜ್ಜಿ ನೋಡಿ. ನನ್ನ ಆರರಲ್ಲಿ ಐದಕ್ಕೆ ಮಾರುತಿ ನಂಬರೇ ಇರ್ಲಿಲ್ಲ, ಬಿಳಿ ಕಪ್ಲರ್ ಇದ್ದ ವೈರಿನ ಕಟ್ಟಿನ ಮೇಲೆ ಮಾತ್ರ ಹಳದಿ ತಿರುಗಿದ ಚೀಟಿ ಅಂಟಿತ್ತು, 36ರಿಂದ ಶುರು, ಅದು ವೈರಿಂಗ್ ಕಿಟ್ ನಂಬರು. ಅಂದ್ರೆ ಆ ಕಪ್ಲರ್ ಕಂಪ್ನಿದೇ, ಹೊರಗಡೆಯೋರು ಹಾಕಿದ್ದಲ್ಲ. ಇಷ್ಟು ಗೊತ್ತಾಗಿದ್ದೇ ದೊಡ್ಡದು.

ಮೀಟರ್ರಾ, ಟೆಸ್ಟ್ ಲ್ಯಾಂಪಾ

ಡಿಜಿಟಲ್ ಮಲ್ಟಿಮೀಟರ್ ತಗೊಂಡಾಗ ಇನ್ನು ಯಾರನ್ನೂ ಕೇಳೋದು ಬೇಡ ಅಂದ್ಕೊಂಡಿದ್ದೆ. ರಿಲೇ ಕಾಲುಗಳ ಹತ್ರ 30, 85, 86, 87 ಅಂತ ಇತ್ತು, 30ಕ್ಕೆ ಬ್ಯಾಟರಿ, 85-86 ಕಾಯಿಲ್ (ಒಳಗಿನ ಸ್ವಿಚ್ ಎಳೆಯೋ ತಂತಿ ಸುರುಳಿ), 87 ಹೊರಗೆ ಹೋಗೋದು, ಈ ನಂಬರ್ ಪದ್ಧತಿ ಜರ್ಮನ್ನರದು, ನಮ್ಮಲ್ಲಿ ಹೊರಗೆ ಸಿಗೋ ರಿಲೇ ಎಲ್ಲಾ ಹಿಂಗೇ. 85-86 ಮಧ್ಯೆ 80 ಓಮ್ ಚಿಲ್ಲರೆ ತೋರಿಸ್ತು, ಕಾಯಿಲ್ ಚೆನ್ನಾಗಿದೆ ಅಂತ ಅರ್ಥ. 87ರ ವೈರು ಹಿಡ್ಕೊಂಡು ಹೋದ್ರೆ ಹಾರ್ನ್ ಹತ್ರ ಹೋಯ್ತು, ಯಾವಾಗ್ಲೋ ಜೋರು ಹಾರ್ನ್ ಹಾಕ್ಸಿದ್ದಾರೆ. ರಿಲೇ ವಿಷಯ ಮುಗೀತು.

ಮೀಟರ್ ನನ್ನನ್ನ ಮೂರು ಗಂಟೆ ದಾರಿ ತಪ್ಪಿಸಿದ್ದು ಬಿಳಿ ಕಪ್ಲರ್‌ನಲ್ಲಿ. ಕಪ್ಪು ಮೇಲೆ ಬಿಳಿ ಗೀಟಿನ ವೈರಿಗೆ ಕೀ ಆನ್ ಮಾಡಿದ್ರೆ 12 ವೋಲ್ಟ್ ಚಿಲ್ಲರೆ ಬರ್ತಿತ್ತು, ಸರಿ ಲೈನ್ ಇದೆ ಅಂತ ಅದಕ್ಕೊಂದು ಬಲ್ಬ್ ಕೊಟ್ರೆ ಹತ್ತಲ್ಲ, ಮತ್ತೆ ಮೀಟರ್ ಇಟ್ರೆ ಅದೇ 12. ಆಮೇಲೆ ಗೊತ್ತಾಗಿದ್ದು, ಮೀಟರ್ ಎಳೆಯೋ ಕರೆಂಟು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಒಳಗೆ ತುಕ್ಕು ತಿಂದು ಒಂದೇ ಎಳೆ ಉಳ್ಕೊಂಡಿದ್ರೂ ಅದು 12 ಅಂತಲೇ ಹೇಳತ್ತೆ. ಬಲ್ಬ್ ಹಂಗಲ್ಲ, ಅದಕ್ಕೆ ಊಟ ಬೇಕು, ಲೈನ್ ಸರಿ ಇಲ್ದಿದ್ರೆ ಹತ್ತಲ್ಲ. 60 ರೂಪಾಯಿ ಟೆಸ್ಟ್ ಲ್ಯಾಂಪು 400 ರೂಪಾಯಿ ಮೀಟರಿಗಿಂತ ಹಳೇ ಗಾಡಿಲಿ ಜಾಸ್ತಿ ನಂಬಬಹುದು, ಇದು ನನ್ ಅಭಿಪ್ರಾಯ, ಜಗಳಕ್ಕೂ ರೆಡಿ. ಒಂದೇ ಎಚ್ಚರ, ಎಂಪಿಎಫ್ಐ ಗಾಡಿ ಆದ್ರೆ ಇಸಿಎಂಗೆ (ಎಂಜಿನ್ ಕಂಪ್ಯೂಟರ್) ಹೋಗೋ ಸೆನ್ಸರ್ ವೈರಿಗೆ ಬಲ್ಬ್ ಟೆಸ್ಟರ್ ತಾಗಿಸ್ಬೇಡಿ, ಬಲ್ಬ್ ಎಳೆಯೋ ಕರೆಂಟಿಗೆ ಒಳಗಿನದು ಸುಟ್ಟೋಗಬಹುದು, ಅಲ್ಲಿ ಡಿಜಿಟಲ್ ಮೀಟರೇ.

ಇನ್ನೊಂದು, ಕಂಪ್ನಿ ವೈರಲ್ಲಿ ಸುಮಾರಕ್ಕೆ ಗೀಟು ಇರತ್ತೆ, ಹೊರಗಡೆಯೋರು ಹಾಕಿದ್ದು ಸಾಮಾನ್ಯವಾಗಿ ಒಂದೇ ಬಣ್ಣ, ಅದೂ ಎಲ್ಲಾ ಕೆಂಪು. ಲಗ್ ಅಗಲ ನೋಡಿದ್ರೂ ಒಂದು ಅಂದಾಜು ಸಿಗತ್ತೆ, ಹೊರಗಡೆ ಕೆಲಸ ಎಲ್ಲಾ ಕಾಲು ಇಂಚಿನ ಲಗ್ಗು, ಅಂದ್ರೆ 6.3 ಎಂಎಂ. ಹಾಗಂತ ಕಣ್ಮುಚ್ಚಿ ನಂಬೋಕಾಗಲ್ಲ, ಹೆಡ್‌ಲೈಟು ಹಾರ್ನು ತರ ಜಾಸ್ತಿ ಕರೆಂಟ್ ಎಳೆಯೋ ಕಡೆ ಕಂಪ್ನಿಯೋರೂ ದೊಡ್ಡದೇ ಹಾಕ್ತಾರೆ.

ಎಲೆಕ್ಟ್ರಿಷಿಯನ್ ಅಜ್ಜ

ಬಸ್ ಸ್ಟ್ಯಾಂಡ್ ಹಿಂದೆ ಒಬ್ರು ಅಜ್ಜ ಇದ್ದಾರೆ, ಡೈನಮೋ ಸೆಲ್ಫು ರಿಪೇರಿ ಮಾಡೋರು, ಓಮ್ನಿ ಆಂಬುಲೆನ್ಸುಗಳ ವೈರಿಂಗ್ ಎಲ್ಲ ಅವರ ಕೈಲೇ ಆಗಿದ್ದು. ನಾನು ಹೋಗಿ ಒಂಟಿ ವೈರು ತೋರ್ಸಿ "ಅಜ್ಜ ಇದೇನು?" ಅಂದೆ. ಅವರು ವೈರ್ ನೋಡ್ಲೇ ಇಲ್ಲ. "ಗಾಡಿಲಿ ಏನೇನು ಕೆಲ್ಸ ಮಾಡ್ತಿಲ್ಲ, ಅದ್ ಹೇಳಪ್ಪ ಮೊದ್ಲು" ಅಂದ್ರು. ಟೆಂಪರೇಚರ್ ಮುಳ್ಳು ಏಳಲ್ಲ, ಮೀಟರ್ ಕೆಟ್ಟೋಗಿದೆ ಅಂದೆ. "ಕೀ ಆನ್ ಮಾಡು" ಅಂದು ಆ ಹಳದಿ-ಬಿಳಿ ವೈರಿನ ತುದಿ ಎಂಜಿನ್ನಿಗೆ ಒಂದೇ ಕ್ಷಣ ತಾಗಿಸಿದ್ರು, ಏಳೆಂಟು ವರ್ಷದಿಂದ ಮಲಗಿದ್ದ ಮುಳ್ಳು ಎದ್ದು ಕೆಂಪು ಗೆರೆ ಕಡೆ ಹೊರಟೋಯ್ತು. ಎಂಜಿನ್ ಮೇಲಿನ ಸೆಂಡರ್‌ಗೆ (ಬಿಸಿ ಎಷ್ಟು ಅಂತ ಮುಳ್ಳಿಗೆ ತಿಳಿಸೋದು) ಹೋಗಬೇಕಾದ ವೈರು ಅದು, ಗ್ಯಾಸ್ ಕಿಟ್ ಬಿಚ್ಚುವಾಗ ಕಳಚಿದ್ದನ್ನ ಯಾರೂ ವಾಪಸ್ ಹಾಕಿಲ್ಲ. ಭಾವ ಅಷ್ಟು ವರ್ಷ ಮುಳ್ಳಿಲ್ದೆ ಓಡಿಸಿದ್ದಾರೆ, ಎರಡು ಸಲ ಧರ್ಮಸ್ಥಳಕ್ಕೆ, ಆ ಶಿರಾಡಿ ಘಾಟಲ್ಲಿ!

ತಾಮ್ರದ ಟೀಗೂ ಅವರೇ ಕಥೆ ಹೇಳಿದ್ದು. ಗ್ಯಾಸು ಟ್ಯಾಂಕಲ್ಲಿ ದ್ರವ, ವೇಪೊರೈಸರಲ್ಲಿ ಆವಿ ಆಗೋವಾಗ ಸುತ್ತಲಿನ ಶಾಖ ಎಲ್ಲ ಹೀರ್ಕೊಂಡು ಅದೇ ಮಂಜುಗಟ್ಟತ್ತೆ, ಅದಕ್ಕೆ ಎಂಜಿನ್ನಿನ ಬಿಸಿನೀರು ಸುತ್ತಿಸ್ತಾರೆ, ಆ ನೀರು ಕದಿಯೋಕೆ ಹಾಕಿದ ಟೀ ಇದು. ಬೋಲ್ಟ್ ತುರುಕಿದ ಬಾಯಿ ಯಾವತ್ತೋ ಒಂದಿನ ಕಿತ್ಕೊಂಡು ನೀರೆಲ್ಲ ರೋಡಿಗೆ ಹೋಗತ್ತೆ ಅಂತ ಬೈದು ಹೋಸ್ ನೇರ ಮಾಡಿಸಿದ್ರು. ಬಿಲ್ಲೆನ ಬಾಯಲ್ಲಿಟ್ಟು ಊದಿದ್ರು (ಪೆಟ್ರೋಲ್ ವಾಸನೆ ಬರ್ತಾ ಇತ್ತು, ನೀವು ಪೈಪ್ ತುಂಡು ಸಿಗಿಸಿ ಊದಿ), ಒಂದು ಕಡೆಯಿಂದ ಸರಾಗ, ಇನ್ನೊಂದು ಕಡೆಯಿಂದ ತಡೆದು ತಡೆದು. ಗಾಳಿನ ನಿಧಾನ ಮಾಡೋ ವಾಲ್ವು, ಉಲ್ಟಾ ಹಾಕಿದ್ರೆ ಗಾಡಿ ನಿಲ್ಲಲ್ಲ, ಆದ್ರೆ ಪಿಕಪ್ ಸರಿ ಬರಲ್ಲ ಅಂದ್ರು. ನಮ್ದು ಉಲ್ಟಾನೇ ಇತ್ತು. ಸರಿ ಮಾಡಿದ ಮೇಲೆ ಎರಡನೇ ಗೇರಲ್ಲಿ ಮುಂಚಿನ ಮುಕ್ಕರಿತ ಕಮ್ಮಿ ಆಯ್ತು, ಪೂರ್ತಿ ಹೋಯ್ತು ಅಂತ ಹೇಳಲ್ಲ.

ಕೊಟ್ಟಿದ್ದು 500 ರೂಪಾಯಿ, ಎರಡು ಕಾಫಿ. ಆದ್ರೆ ಬಿಳಿ ಕಪ್ಲರ್ ವಿಷಯದಲ್ಲಿ ಅಜ್ಜನೂ ಎಡವಿದ್ರು. "ಸೆಂಟ್ರಲ್ ಲಾಕ್ ಹಾಕಿದ್ದಿರ್ಬೇಕು, ಕತ್ತರಿಸಿ ಬಿಸಾಕು" ಅಂದ್ರು. ಚೀಟಿ ನಂಬರ್ ನೋಡಿದ್ದೆನಲ್ಲ, ಕತ್ತರಿಸ್ಲಿಲ್ಲ, ಅವರೆದುರು ಹೂಂ ಅಂದು ಬಂದೆ.

ಶಿವಾಜಿನಗರದ ಗುಜರಿ

ಬೆಂಗಳೂರಿನ ಈ ಗುಜರಿಗೆ ಹೋಗಿದ್ದು ಸೆಂಡರ್ ವೈರಿಗೆ ಒಳ್ಳೇ ತುದಿ ಬೇಕಿತ್ತು ಅಂತ, ಹೊಸದಾಗಿ ಸಿಗೋ ಲಗ್ ಒಂಚೂರು ಸಡಿಲ. ಗುಜರಿಲಿ ಕಪ್ಲರ್ ತಗೊಳ್ಳೋದಾದ್ರೆ ಅರ್ಧ ಅಡಿ ವೈರು ಸಮೇತ ಕತ್ತರಿಸ್ಕೊಡಿ ಅನ್ನಿ, ಬುಡಕ್ಕೆ ಕತ್ತರಿಸಿದ್ರೆ ಬೆಸುಗೆ ಹಾಕೋಕೆ ಜಾಗ ಇರಲ್ಲ. ಅಲ್ಲಿ ಮೂರು ಓಮ್ನಿಯ ಡ್ಯಾಶ್‌ಬೋರ್ಡು ವೈರಿಂಗ್ ಕಿಟ್ ಜೊತೆ ಒಂದರ ಮೇಲೊಂದು ಬಿದ್ದಿದ್ವು. ಮೂರಲ್ಲೂ ಎಡಗಡೆ ಅದೇ ಬಿಳಿ ಆರು ಪಿನ್, ಮೂರಲ್ಲೂ ಖಾಲಿ, ಒಂದರಲ್ಲಂತೂ ಕಂಪ್ನಿಯೋರೇ ಅದನ್ನ ಮಡಚಿ ವೈರಿನ ಕಟ್ಟಿನ ಜೊತೆ ಸೇರ್ಸಿ ಸುತ್ತಿದ ನೀಲಿ ಟೇಪು ಇನ್ನೂ ಬಿಚ್ಚಿರ್ಲಿಲ್ಲ. ಎಲ್ಲಾ ಮಾಡೆಲಿಗೂ ಒಂದೇ ಕಿಟ್ ಹೆಣೆದು, ಆ ಮಾಡೆಲಿಗೆ ಬೇಡದ್ದನ್ನ ಹಂಗೇ ಸುತ್ತಿ ಬಿಡೋದು ಅಷ್ಟೇ. ಫೋಟೋ, ಚಾಟ್‌ಬಾಟ್, ಜೇಸಿ ರೋಡು, ಅಜ್ಜ, ನನ್ ಮೂರು ಗಂಟೆ, ಎಲ್ಲರೂ ಅದಕ್ಕೆ ಏನು ಸಿಗಿಸ್ಬೇಕು ಅಂತ ಹುಡುಕ್ತಿದ್ವಿ, ಅದಕ್ಕೆ ಸಿಗಿಸೋದು ಏನೂ ಇರ್ಲೇ ಇಲ್ಲ.

ಇನ್ನೊಂದು ಹಳೇ ಗಾಡಿ ಕೈಗೆ ಬಂದ್ರೆ ನಾನು ಮೊದ್ಲು ಅಜ್ಜ ಕೇಳಿದ ಪ್ರಶ್ನೆ ಕೇಳ್ಕೊಂಡು, ಕೆಲಸ ಮಾಡದೇ ಇರೋದ್ರ ಪಟ್ಟಿ ಬರೀತೀನಿ, ಆಮೇಲೆ ಟೆಸ್ಟ್ ಲ್ಯಾಂಪು, ಅದಾದ್ಮೇಲೆ ಅದೇ ವರ್ಷದ ಇನ್ನೊಂದು ಗಾಡಿ ಎಲ್ಲಾದ್ರೂ ನಿಂತಿದ್ರೆ ಅದ್ರ ಸೀಟು ಎತ್ತಿಸಿ ನೋಡೋದು, ಓನರಿಗೆ ಒಂದು ಟೀ ಕುಡಿಸಿದ್ರೆ ಬೇಡ ಅನ್ನಲ್ಲ. ಜೇಸಿ ರೋಡಿಗೆ ಹೆಸರು ಗೊತ್ತಾದ್ಮೇಲೆ ಹೋದ್ರೂ ನಡೆಯತ್ತೆ. ಬಿಳಿ ಕಪ್ಲರಿಗೆ ನೀಲಿ ಟೇಪೇ ಹುಡುಕಿ ತಂದು ಸುತ್ತಿ, ಮೇಲೆ ಮಾರ್ಕರಲ್ಲಿ "ಹುಟ್ಟಿದಾಗಿಂದ ಖಾಲಿ" ಅಂತ ಬರೆದು ಒಳಗೆ ತುರುಕಿದೀನಿ.